ಮಾಡ್ಯುಲರ್ ಮನೆ

ಮಾಡ್ಯುಲರ್ ಮನೆ ಎಂದರೆ ಕಾರ್ಖಾನೆಯಲ್ಲಿ ಪೆಟ್ಟಿಗೆಯಾಕಾರದ ಘಟಕಗಳಾಗಿ ತಯಾರಾಗಿ, ಲಾರಿಯ ಮೂಲಕ ನಿವೇಶನವನ್ನು ತಲುಪಿ, ಅಲ್ಲಿ ಶಾಶ್ವತ ತಳಪಾಯದ ಮೇಲೆ ಜೋಡಣೆಗೊಳ್ಳುವ ಮನೆ. ಪ್ರತಿ ಘಟಕಕ್ಕೂ ತನ್ನದೇ ಆದ ನೆಲ, ಗೋಡೆ ಮತ್ತು ಛಾವಣಿ ಇರುತ್ತವೆ. ವಿದ್ಯುತ್ ತಂತಿ, ನೀರಿನ ಕೊಳವೆ, ಕಿಟಕಿ, ಬಾಗಿಲು, ಹಲವು ವೇಳೆ ಅಡುಗೆಮನೆಯ ಕಪಾಟುಗಳನ್ನೂ ಕಾರ್ಖಾನೆಯಲ್ಲಿಯೇ ಅಳವಡಿಸಲಾಗಿರುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನ, ಸ್ವೀಡನ್ ಮತ್ತು ಜಪಾನ್‌ಗಳಲ್ಲಿ ಈ ಪದ್ಧತಿ ದೀರ್ಘಕಾಲದಿಂದ ಬಳಕೆಯಲ್ಲಿದೆ.

ಮೊಬೈಲ್ ಮನೆಗೂ ಇದಕ್ಕೂ ಇರುವ ವ್ಯತ್ಯಾಸ

ಅಮೆರಿಕದಲ್ಲಿ ಮಾಡ್ಯುಲರ್ ಮನೆಯನ್ನು ಮೊಬೈಲ್ ಮನೆಯೊಂದಿಗೆ ಗೊಂದಲ ಮಾಡಿಕೊಳ್ಳುವುದು ಸಾಮಾನ್ಯ. ಮೊಬೈಲ್ ಮನೆಯ ಉತ್ತರಾಧಿಕಾರಿಯಾದ 'ಮ್ಯಾನುಫ್ಯಾಕ್ಚರ್ಡ್' ಮನೆಯು ಶಾಶ್ವತ ಉಕ್ಕಿನ ಚಾಸಿಯ ಮೇಲೆ ನಿಲ್ಲುತ್ತದೆ. 1976ರಲ್ಲಿ ಜಾರಿಗೆ ಬಂದ ಒಕ್ಕೂಟ ಸರ್ಕಾರದ ಪ್ರತ್ಯೇಕ ಸಂಹಿತೆ ಅದಕ್ಕೆ ಅನ್ವಯಿಸುತ್ತದೆ. ಮಾಡ್ಯುಲರ್ ಮನೆಯಾದರೋ ನಿವೇಶನದಲ್ಲಿ ಕಟ್ಟಿದ ಮನೆಯಂತೆ ಆಯಾ ರಾಜ್ಯದ ಅಥವಾ ಸ್ಥಳೀಯ ಕಟ್ಟಡ ಸಂಹಿತೆಗೆ ಬದ್ಧವಾಗಿರಬೇಕು. ಈ ವ್ಯತ್ಯಾಸ ಕೇವಲ ಹೆಸರಿನದಲ್ಲ. ಸಾಲ, ವಿಮೆ ಮತ್ತು ಮರುಮಾರಾಟದ ಬೆಲೆಗಳು ಬಹುಮಟ್ಟಿಗೆ ಇದನ್ನೇ ಅವಲಂಬಿಸಿವೆ.

ಅನುಕೂಲಗಳು

ಇದರ ಮುಖ್ಯ ಅನುಕೂಲ ಸಮಯದ ಉಳಿತಾಯ. ಸಾಂಪ್ರದಾಯಿಕ ನಿರ್ಮಾಣದಲ್ಲಿ ತಳಪಾಯ ಮುಗಿಯದೆ ಗೋಡೆ ಏಳದು, ಗೋಡೆ ಏಳದೆ ಛಾವಣಿ ಬಾರದು. ಮಾಡ್ಯುಲರ್ ಪದ್ಧತಿಯಲ್ಲಿ ನಿವೇಶನದಲ್ಲಿ ತಳಪಾಯ ಸಿದ್ಧವಾಗುತ್ತಿರುವಾಗಲೇ ಕಾರ್ಖಾನೆಯಲ್ಲಿ ಘಟಕಗಳು ತಯಾರಾಗುತ್ತವೆ. ಮಳೆ ಅಥವಾ ಹಿಮದಿಂದ ಕೆಲಸ ನಿಲ್ಲುವುದಿಲ್ಲ. ದೀರ್ಘ ಚಳಿಗಾಲದ ಸ್ವೀಡನ್‌ನಲ್ಲಿ ಸ್ವತಂತ್ರ ಮನೆಗಳ ಬಹುಪಾಲು ಭಾಗಗಳು ಕಾರ್ಖಾನೆಯಲ್ಲಿ ತಯಾರಾಗುವುದಕ್ಕೆ ಇದೂ ಒಂದು ಕಾರಣ. ಮೆಕಿನ್ಸೆ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ನಿರ್ಮಾಣದ ಅವಧಿ ಶೇ. 20ರಿಂದ 50ರಷ್ಟು ಕಡಿಮೆಯಾಗಬಲ್ಲದು.

ಗುಣಮಟ್ಟದ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡಿದೆ. ಮರದ ಹಲಗೆಗಳು ಬಯಲಿನಲ್ಲಿ ನೆನೆಯುವುದಿಲ್ಲ; ಅಳತೆ ಯಂತ್ರದಿಂದ ನಿರ್ಧಾರವಾಗುತ್ತದೆ; ಕತ್ತರಿಸಿ ಉಳಿದ ತುಂಡುಗಳು ಮತ್ತೊಂದು ಮನೆಗೆ ಬಳಕೆಯಾಗುವುದರಿಂದ ಕಸ ಕಡಿಮೆ. ಗೋಡೆ ಮುಚ್ಚುವ ಮೊದಲೇ ತಂತಿ ಮತ್ತು ಕೊಳವೆಗಳ ತಪಾಸಣೆ ನಡೆಯುತ್ತದೆ. ಜಪಾನಿನಲ್ಲಿ 1971ರಿಂದ ಮಾರಾಟವಾಗುತ್ತಿರುವ ಸೆಕಿಸುಯಿ ಹೈಮ್‌ನ ಉಕ್ಕಿನ ಚೌಕಟ್ಟಿನ ಘಟಕಗಳು ಅಗ್ಗವೆಂಬ ಕಾರಣಕ್ಕಿಂತ ಗುಣಮಟ್ಟ ಮತ್ತು ಭೂಕಂಪ ನಿರೋಧಕತೆಯ ಹೆಸರಿನಲ್ಲಿ ಗ್ರಾಹಕರನ್ನು ಗಳಿಸಿದವು.

ದೃಢತೆಗೆ ಸಂಬಂಧಿಸಿದಂತೆ ಹೆಚ್ಚಾಗಿ ಉಲ್ಲೇಖವಾಗುವುದು 1992ರ ಆಗಸ್ಟ್‌ನಲ್ಲಿ ಫ್ಲಾರಿಡಾವನ್ನು ಅಪ್ಪಳಿಸಿದ ಆಂಡ್ರ್ಯೂ ಚಂಡಮಾರುತ. ಅದರಲ್ಲಿ ಮೊಬೈಲ್ ಮನೆಗಳು ಅಪಾರ ಸಂಖ್ಯೆಯಲ್ಲಿ ನೆಲಸಮವಾದವು. ಆದರೆ ಘಟಕದಿಂದ ಘಟಕಕ್ಕೆ ಬಿಗಿದ ಮಾಡ್ಯುಲರ್ ಮನೆಗಳು ಸಾಂಪ್ರದಾಯಿಕ ಮರದ ಚೌಕಟ್ಟಿನ ಮನೆಗಳಿಗಿಂತ ಉತ್ತಮವಾಗಿ ಗಾಳಿಯನ್ನು ತಡೆದುಕೊಂಡವು ಎಂದು ಅಮೆರಿಕದ ತುರ್ತುಪರಿಸ್ಥಿತಿ ನಿರ್ವಹಣಾ ಸಂಸ್ಥೆಯಾದ ಫೀಮಾ ದಾಖಲಿಸಿತು. ಹೆದ್ದಾರಿಯ ಕುಲುಕಾಟ ಮತ್ತು ಕ್ರೇನ್ ಎತ್ತುವಾಗಿನ ಒತ್ತಡವನ್ನು ತಾಳಿಕೊಳ್ಳಬೇಕಾದ್ದರಿಂದ ಪ್ರತಿ ಪೆಟ್ಟಿಗೆಗೂ ಹೆಚ್ಚಿನ ಮರ ಮತ್ತು ಬಲವಾದ ಜೋಡಣೆಗಳು ಬೇಕಾಗುತ್ತವೆ. ಎರಡು ಘಟಕಗಳು ಸೇರುವಲ್ಲಿ ಗೋಡೆಯೂ ಇಮ್ಮಡಿಯಾಗುತ್ತದೆ. ಸಾಗಣೆಗಾಗಿ ಮಾಡಿದ ವೆಚ್ಚ ಹೀಗೆ ಬಿರುಗಾಳಿಯಲ್ಲಿ ಉಪಯೋಗಕ್ಕೆ ಬರುತ್ತದೆ.

ವೆಚ್ಚ ಮತ್ತು ಮಿತಿಗಳು

ಕಡಿಮೆ ವೆಚ್ಚವೆಂಬುದು ಈ ಪದ್ಧತಿಯ ಬಗ್ಗೆ ಹೆಚ್ಚು ಪ್ರಚಾರದಲ್ಲಿರುವ, ಆದರೆ ಅಷ್ಟೇ ಅನಿಶ್ಚಿತವಾದ ಅನುಕೂಲ. ಮೇಲೆ ಹೇಳಿದ ವರದಿಯೇ ಶೇ. 20ರವರೆಗಿನ ಉಳಿತಾಯವನ್ನು ಸಾಧ್ಯವೆಂದು ಹೇಳುತ್ತಲೇ, ಸಾಗಣೆ ಮತ್ತು ಸಾಮಗ್ರಿಯ ಹೊರೆ ಹೆಚ್ಚಾದರೆ ವೆಚ್ಚ ಶೇ. 10ರವರೆಗೆ ಏರಬಹುದೆಂದೂ ಎಚ್ಚರಿಸುತ್ತದೆ. ಕಾರ್ಖಾನೆಯ ಬಾಡಿಗೆ, ಯಂತ್ರ ಮತ್ತು ಸಂಬಳದ ಖರ್ಚು ಬೇಡಿಕೆ ಇಳಿದರೂ ಇಳಿಯುವುದಿಲ್ಲ. ಆದ್ದರಿಂದ ಒಂದೇ ವಿನ್ಯಾಸ ನೂರಾರು ಬಾರಿ ಪುನರಾವರ್ತನೆಯಾದಾಗ ಮಾತ್ರ ಲೆಕ್ಕ ಕೂಡಿಬರುತ್ತದೆ. ಮೊಶೆ ಸಫ್ದಿ ವಿನ್ಯಾಸಗೊಳಿಸಿದ ಮಾಂಟ್ರಿಯಲ್‌ನ 'ಹ್ಯಾಬಿಟಾಟ್ 67' ಇದಕ್ಕೆ ನಿದರ್ಶನ. 354 ಕಾಂಕ್ರೀಟ್ ಘಟಕಗಳ ಆ ಸಮುಚ್ಚಯ ವಾಸ್ತುಶಿಲ್ಪದ ಇತಿಹಾಸದಲ್ಲಿ ಸ್ಥಾನ ಪಡೆಯಿತಾದರೂ, ಮೂಲ ಯೋಜನೆಗಿಂತ ಬಹಳ ಕಿರಿದಾಗಿ ಕಟ್ಟಲ್ಪಟ್ಟದ್ದರಿಂದ ಅಗ್ಗದ ವಸತಿಯ ಗುರಿ ಈಡೇರಲಿಲ್ಲ.

ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ 2012ರಲ್ಲಿ ಕೆಲಸ ಆರಂಭಗೊಂಡ 32 ಅಂತಸ್ತುಗಳ ಮಾಡ್ಯುಲರ್ ಕಟ್ಟಡವು ಘಟಕಗಳ ಹೊಂದಾಣಿಕೆಯ ತೊಡಕು, ನೀರಿನ ಸೋರಿಕೆ ಮತ್ತು ವ್ಯಾಜ್ಯಗಳ ನಡುವೆ 2016ರಲ್ಲಿ ಪೂರ್ಣಗೊಂಡಿತು. ವೇಗವೂ ಖಚಿತವಲ್ಲವೆಂಬುದಕ್ಕೆ ಇದು ಸಾಕ್ಷಿ. ರಸ್ತೆ ಮತ್ತು ಸೇತುವೆಗಳ ಅಳತೆಯು ಘಟಕದ ಅಗಲವನ್ನು ನಿರ್ಬಂಧಿಸುತ್ತದೆ. ತಯಾರಿಕೆ ಶುರುವಾದ ಬಳಿಕ ವಿನ್ಯಾಸ ಬದಲಿಸುವುದು ದುಬಾರಿ. ಮನೆ ಕೊಳ್ಳುವವರಿಗೆ ಹಣಕಾಸಿನ ತೊಡಕೂ ಇದೆ: ಬ್ಯಾಂಕುಗಳು ನಿವೇಶನದಲ್ಲಿ ಕಾಣುವ ಪ್ರಗತಿಗೆ ತಕ್ಕಂತೆ ಕಂತು ಬಿಡುಗಡೆ ಮಾಡುವುದು ರೂಢಿ, ಕಾರ್ಖಾನೆಗಾದರೆ ಘಟಕ ಹೊರಡುವ ಮೊದಲೇ ಹೆಚ್ಚಿನ ಮೊತ್ತ ಸಲ್ಲಬೇಕು.

ಭಾರತದಲ್ಲಿ

ದೇಶವಿಭಜನೆಯ ನಂತರ ನಿರಾಶ್ರಿತರಿಗೆ ಮನೆ ಒದಗಿಸುವ ಉದ್ದೇಶದಿಂದ ಕೇಂದ್ರ ಸರ್ಕಾರವು ದೆಹಲಿಯಲ್ಲಿ ಗೃಹ ಕಾರ್ಖಾನೆಯೊಂದನ್ನು ಸ್ಥಾಪಿಸಿತು. ಮುಂದೆ ಅದೇ ಹಿಂದೂಸ್ತಾನ್ ಪ್ರಿಫ್ಯಾಬ್ ಲಿಮಿಟೆಡ್ ಆಯಿತು. ಬೆಂಗಳೂರಿನ ಕೆಲವು ವಸತಿ ಸಮುಚ್ಚಯಗಳಲ್ಲಿ ಬಳಕೆಯಾಗುವ ಪ್ರೀಕಾಸ್ಟ್ ಪದ್ಧತಿಯನ್ನು ಮಾಡ್ಯುಲರ್ ಎಂದು ಕರೆಯುವುದುಂಟು. ಆದರೆ ಅಲ್ಲಿ ಕಾರ್ಖಾನೆಯಿಂದ ಬರುವುದು ಬಿಡಿಬಿಡಿಯಾದ ಕಾಂಕ್ರೀಟ್ ಗೋಡೆ ಮತ್ತು ಹಾಸುಗಳು. ಕೊಠಡಿ ರೂಪುಗೊಳ್ಳುವುದು ನಿವೇಶನದಲ್ಲಿಯೇ.