ಸೋತು ಗೆದ್ದ ದ್ವೀಪಪಾಲ

ಗೆದ್ದವರ ಹೆಸರನ್ನು ಚರಿತ್ರೆ ತಾನಾಗಿಯೇ ನೆನಪಿಟ್ಟುಕೊಳ್ಳುತ್ತದೆ. ಸೋತರೂ ಮಾನ ಕಳೆದುಕೊಳ್ಳದವರನ್ನು ನಾವೇ ಹುಡುಕಿ ತೆಗೆಯಬೇಕು. ಅಂಥವರಲ್ಲೊಬ್ಬ ಜೇಮ್ಸ್ ಮರ್ರೆ.

1721ರಲ್ಲಿ ಸ್ಕಾಟ್ಲೆಂಡಿನ ಪ್ರಭು ಮನೆತನವೊಂದರಲ್ಲಿ ಹುಟ್ಟಿದ ಈತ ಹಿರಿಯ ಮಗನಲ್ಲ; ಆದ್ದರಿಂದ ಕತ್ತಿಯನ್ನೇ ನಂಬಿ ಸೈನ್ಯ ಸೇರಿದ. 1759ರಲ್ಲಿ ಕೆನಡಾದ ಕ್ವಿಬೆಕ್ ನಗರವನ್ನು ಇಂಗ್ಲಿಷರು ಫ್ರೆಂಚರಿಂದ ಗೆದ್ದರು. ಸೇನಾಪತಿ ವುಲ್ಫ್ ರಣರಂಗದಲ್ಲಿ ಮಡಿದಿದ್ದ. ನಗರವನ್ನು ಕಾಯುವ ಹೊಣೆ ಮರ್ರೆಯ ಪಾಲಿಗೆ ಬಂತು. ಆ ಚಳಿಗಾಲದಲ್ಲಿ ಅವನ ಸೈನಿಕರನ್ನು ಕೆಡವಿದ್ದು ಶತ್ರುವಲ್ಲ, ಸ್ಕರ್ವಿ ರೋಗ. ಹಸಿರು ತರಕಾರಿ, ಹಣ್ಣು ಕಾಣದೆ ಉಪ್ಪುಮಾಂಸವನ್ನೇ ತಿಂದವರ ವಸಡು ಊದಿ ರಕ್ತ ಸೋರುವುದು, ಕೈಕಾಲಿನ ಶಕ್ತಿ ಉಡುಗುವುದು ಅದರ ಲಕ್ಷಣ. ಸೂಚಿಪರ್ಣಿ ಮರದ ಚಿಗುರನ್ನು ಕುದಿಸಿ ಕಷಾಯ ಕುಡಿಸಿ ಉಳಿದವರನ್ನು ಉಳಿಸಿಕೊಂಡರು.

ಮುಂದೆ ಅಲ್ಲಿಯೇ ಗವರ್ನರಾದ ಮರ್ರೆ, ಸೋತ ಫ್ರೆಂಚ್ ಪ್ರಜೆಗಳನ್ನು ದಯೆಯಿಂದ ಕಂಡ. ತನ್ನವರೇ ಆದ ವರ್ತಕರು ದೂರು ಹೇಳಿದರು. 1766ರಲ್ಲಿ ಅವನನ್ನು ಲಂಡನ್ನಿಗೆ ಕರೆಸಿಕೊಳ್ಳಲಾಯಿತು.

1774ರಲ್ಲಿ ಮೆಡಿಟರೇನಿಯನ್ ಸಮುದ್ರದ ಮಿನೋರ್ಕಾ ದ್ವೀಪದ ಆಡಳಿತ ಅವನಿಗೆ ದೊರೆಯಿತು. 1781ರ ಆಗಸ್ಟಿನಲ್ಲಿ ಸ್ಪೇನಿನ ಸೈನ್ಯ ಬಂದಿಳಿಯಿತು. ಫ್ರೆಂಚರೂ ಬಂದು ಕೂಡಿಕೊಂಡರು. ಮರ್ರೆ ಸೇಂಟ್ ಫಿಲಿಪ್ ಕೋಟೆಯ ಬಾಗಿಲು ಮುಚ್ಚಿ ಕುಳಿತ. ಎದುರಾಳಿ ಸೇನಾಪತಿ ಕ್ರಿಯೋಂ, ಕೋಟೆ ಬಿಟ್ಟುಕೊಟ್ಟರೆ ಭಾರಿ ಹಣ ಕೊಡುವುದಾಗಿ ಗುಟ್ಟಾಗಿ ಹೇಳಿ ಕಳುಹಿಸಿದ. ಇನ್ನು ಮುಂದೆ ನಮ್ಮಿಬ್ಬರ ನಡುವೆ ಆಯುಧದ ಮಾತಲ್ಲದೆ ಬೇರೆ ಮಾತಿಲ್ಲ ಎಂಬುದು ಮರ್ರೆ ಕೊಟ್ಟ ಉತ್ತರದ ಸಾರ.

ಹಣಕ್ಕೆ ಬಗ್ಗದ ಕೋಟೆಯೊಳಗೆ ಆ ಹಳೆಯ ವೈರಿ, ಸ್ಕರ್ವಿ, ಮತ್ತೆ ನುಗ್ಗಿತು. ಚಿಗುರು ಕೀಳೋಣವೆಂದರೆ ಕಾಡೆಲ್ಲ ಶತ್ರುವಿನ ಕೈಯಲ್ಲಿ! ಆಯುಧ ಹಿಡಿಯಬಲ್ಲವರು 660 ಮಂದಿ ಉಳಿದರು. ಅವರಲ್ಲೂ 560 ಮಂದಿಗೆ ರೋಗ ತಗುಲಿತ್ತು. 1782ರ ಫೆಬ್ರವರಿ ಮೊದಲ ವಾರದಲ್ಲಿ ಮರ್ರೆ ಶರಣಾದ. ತತ್ತರಿಸುತ್ತ ಹೊರಬಂದ ಆ ಸಾಲನ್ನು ಕಂಡು ಮುತ್ತಿಗೆ ಹಾಕಿದವರೇ ಕಣ್ಣೀರಿಟ್ಟರಂತೆ.

ಕಣ್ಣೀರಿಡದವರು ಸ್ವಂತ ಪಾಳೆಯದಲ್ಲಿದ್ದರು. ಅವನ ಕೈಕೆಳಗಿನ ಸರ್ ವಿಲಿಯಂ ಡ್ರೇಪರ್ 29 ಆರೋಪಗಳನ್ನು ಹೊರಿಸಿದ. ಈ ಡ್ರೇಪರ್ 1758-59ರಲ್ಲಿ ಲಾಲಿಯ ಮುತ್ತಿಗೆಯನ್ನು ಎದುರಿಸಿ ಮದರಾಸಿನ ಕೋಟೆ ಕಾಯ್ದವರಲ್ಲೊಬ್ಬ. ಸೈನಿಕ ನ್ಯಾಯಾಲಯ ಎರಡು ಸಣ್ಣ ತಪ್ಪುಗಳನ್ನು ಬಿಟ್ಟು ಉಳಿದೆಲ್ಲವನ್ನೂ ತಳ್ಳಿಹಾಕಿತು.

1794ರಲ್ಲಿ ಮರ್ರೆ ತೀರಿಕೊಂಡ. ಇಂಗ್ಲೆಂಡಿನ ತನ್ನ ಮನೆಗೆ ಅವನು ಇಟ್ಟಿದ್ದ ಹೆಸರು ಬೋಪೋರ್. ಅದು ಆಗ ಕ್ವಿಬೆಕ್ಕಿನ ಪಕ್ಕದ ಊರಾಗಿತ್ತು. ಕತ್ತಿಯಿಂದ ಗೆದ್ದ ನಾಡನ್ನು ಮುದುಕ ಪ್ರೀತಿಯಿಂದ ನೆನೆಯುತ್ತಿದ್ದನೆಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?