ಅಮೆರಿಕದ ಮನೋವಿಜ್ಞಾನ ಪದವಿ: ಗಳಿಕೆ–ಸಾಲದ ಅನುಪಾತ ಅಳೆಯುವುದು ಏನನ್ನು?

ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 20 ಲಕ್ಷ ಮಂದಿ ಸ್ನಾತಕ ಪದವಿ ಪಡೆಯುತ್ತಾರೆ. ಅವರಲ್ಲಿ 1.25 ಲಕ್ಷಕ್ಕೂ ಹೆಚ್ಚು ಮಂದಿಯ ವಿಷಯ ಮನೋವಿಜ್ಞಾನ. ಆ ಪೈಕಿ ಐವರಲ್ಲಿ ನಾಲ್ವರು ಹೆಣ್ಣುಮಕ್ಕಳು. ಇಷ್ಟು ಜನ ಆರಿಸಿಕೊಳ್ಳುವ ಈ ವಿಷಯ, ಸಾಲ ಮಾಡಿ ಓದಿದರೆ ಗಿಟ್ಟದ ಪದವಿಗಳ ಪಟ್ಟಿಯಲ್ಲಿ ಪದೇ ಪದೇ ಕಾಣಿಸಿಕೊಳ್ಳುತ್ತದೆ. ಆ ಪಟ್ಟಿಗಳ ಹಿಂದಿರುವುದು ಒಂದೇ ಭಾಗಾಕಾರ: ಪದವೀಧರರ ಸಾಲದ ಮಧ್ಯಾಂಕವನ್ನು ಗಳಿಕೆಯ ಮಧ್ಯಾಂಕದಿಂದ ಭಾಗಿಸುವುದು. ಈ ಭಿನ್ನರಾಶಿಯ ಅಂಶಕ್ಕೆ ಮನೋವಿಜ್ಞಾನದ ಜೊತೆ ನಂಟು ಬಹಳ ಕಡಿಮೆ, ಛೇದದಿಂದ ಬಹಳಷ್ಟು ಜನ ಹೊರಗುಳಿದಿದ್ದಾರೆ, ಹೀಗಾಗಿ ಕೆಟ್ಟ ಹೆಸರು ತಪ್ಪು ಪದವಿಗೆ ಅಂಟಿಕೊಂಡಿದೆ ಎಂಬುದು ನನ್ನ ವಾದ.

ಅಂಕಿಗಳ ಮೂಲ 'ಕಾಲೇಜ್ ಸ್ಕೋರ್‌ಕಾರ್ಡ್'. ಅಲ್ಲಿನ ಶಿಕ್ಷಣ ಇಲಾಖೆ 2015ರಲ್ಲಿ ಇದನ್ನು ಈಗಿನ ರೂಪಕ್ಕೆ ತಂದಿತು; 2019ರಿಂದ ಒಂದೊಂದು ಕಾಲೇಜಿನ ಒಂದೊಂದು ವಿಷಯದ ಲೆಕ್ಕವೂ ಸಿಗುತ್ತಿದೆ. ಸರ್ಕಾರದ ಸಾಲದ ಕಡತವನ್ನೂ ತೆರಿಗೆ ದಾಖಲೆಯನ್ನೂ ಜೋಡಿಸಿ ತೆಗೆದ ಅಂಕಿ ಇದು. ನಂಬಿಕೆಗೆ ಕೊರತೆಯಿಲ್ಲ. ತೊಡಕಿರುವುದು ಯಾರನ್ನು ಎಣಿಸಿದ್ದಾರೆ ಎಂಬಲ್ಲಿ.

ಮೊದಲು ಸಾಲದ ಕಡೆ ನೋಡೋಣ. ತಂದೆತಾಯಿಯ ಆಶ್ರಯದಲ್ಲಿರುವ ವಿದ್ಯಾರ್ಥಿಗೆ ಫೆಡರಲ್ ಸರ್ಕಾರ ಮೊದಲ ವರ್ಷ 5,500 ಡಾಲರ್, ಎರಡನೆಯ ವರ್ಷ 6,500, ಆಮೇಲೆ ವರ್ಷಕ್ಕೆ 7,500 ಡಾಲರಿಗಿಂತ ಹೆಚ್ಚು ಸಾಲ ಕೊಡುವುದಿಲ್ಲ. ನಾಲ್ಕು ವರ್ಷಕ್ಕೆ ಕೂಡಿದರೆ 27,000. ಈ ಮಿತಿ ಎಂಜಿನಿಯರಿಂಗ್ ಓದುವವನಿಗೂ ಅಷ್ಟೇ, ಸಂಗೀತ ಓದುವವಳಿಗೂ ಅಷ್ಟೇ. ಹಾಗಾಗಿ ವಿಷಯದಿಂದ ವಿಷಯಕ್ಕೆ ಸಾಲದ ಮಧ್ಯಾಂಕ ಹೆಚ್ಚು ಕದಲುವುದಿಲ್ಲ, ಕದಲುವುದು ಸಂಬಳ. ಮಿತಿ ಮೀರಿದ ಖರ್ಚನ್ನು ಮನೆಯವರು 'ಪೇರೆಂಟ್ ಪ್ಲಸ್' ಸಾಲದಿಂದಲೋ ಖಾಸಗಿ ಬ್ಯಾಂಕಿನಿಂದಲೋ ತುಂಬುತ್ತಾರೆ. ಅಪ್ಪ ಅಮ್ಮ ಮಾಡಿದ ಸಾಲ ಮಗಳ ಲೆಕ್ಕಕ್ಕೆ ಸೇರುವುದಿಲ್ಲ, ಖಾಸಗಿ ಸಾಲವಂತೂ ಆ ಕಡತದಲ್ಲೇ ಇಲ್ಲ. ಮನೆಯ ಹೊರೆ ಬೇರೆ, ಪಟ್ಟಿಯಲ್ಲಿ ಕಾಣುವ ಹೊರೆ ಬೇರೆ.

ಇನ್ನು ಗಳಿಕೆ. ಸ್ಕೋರ್‌ಕಾರ್ಡ್ ಎಣಿಸುವುದು ದುಡಿಯುತ್ತಿರುವವರನ್ನು, ಅದರಲ್ಲೂ ಆ ಹೊತ್ತಿಗೆ ಯಾವ ಕಾಲೇಜಿನಲ್ಲೂ ದಾಖಲಾಗಿಲ್ಲದವರನ್ನು. ಬೇರೆ ಹಲವು ವಿಷಯಗಳಿಗೆ ಈ ಷರತ್ತು ದೊಡ್ಡ ಮಾತಲ್ಲ. ಮನೋವಿಜ್ಞಾನಕ್ಕೆ ಇದು ಬುಡವನ್ನೇ ಅಲುಗಿಸುತ್ತದೆ. ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಕೋಷ್ಟಕದ ಪ್ರಕಾರ ಈ ವಿಷಯದ ಸ್ನಾತಕರಲ್ಲಿ ಹೆಚ್ಚೂಕಡಿಮೆ ಅರ್ಧ ಮಂದಿ ಮುಂದೆ ಸ್ನಾತಕೋತ್ತರ ಪದವಿ ಗಳಿಸುತ್ತಾರೆ. ಪದವಿ ಮುಗಿದ ಮೊದಲ ಕೆಲವು ವರ್ಷ ಅವರಲ್ಲಿ ಬಹುಪಾಲು ತರಗತಿಯಲ್ಲಿರುತ್ತಾರೆ, ಅಂದರೆ ಅಂಕಿಯ ಹೊರಗಿರುತ್ತಾರೆ. ಉಳಿದವರು ಓದನ್ನು ಅಲ್ಲಿಗೇ ನಿಲ್ಲಿಸಿದವರು ಅಥವಾ ದುಡ್ಡು ಕೂಡಿಸಿಕೊಂಡು ಮುಂದೆ ಹೋಗಲು ಕಾಯುತ್ತಿರುವವರು.

ಅವರಿಗೆ ಸಿಗುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸ್ವಲೀನತೆಯಿರುವ ಮಕ್ಕಳ ಜೊತೆ ದುಡಿಯುವ 'ರಿಜಿಸ್ಟರ್ಡ್ ಬಿಹೇವಿಯರ್ ಟೆಕ್ನಿಷಿಯನ್' ಎಂಬ ಹುದ್ದೆಗೆ ಬೇಕಾದದ್ದು ಪ್ರೌಢಶಾಲೆಯ ಪ್ರಮಾಣಪತ್ರ, 40 ಗಂಟೆಯ ತರಬೇತಿ, ಒಂದು ಸಾಮರ್ಥ್ಯ ಪರೀಕ್ಷೆ, ಒಂದು ಲಿಖಿತ ಪರೀಕ್ಷೆ. ನಾಲ್ಕು ವರ್ಷ ಕಲಿಕೆಯ ಸಿದ್ಧಾಂತ ಓದಿ ಬಂದ ಮನೋವಿಜ್ಞಾನ ಪದವೀಧರೆ ಇದೇ ಹುದ್ದೆಗೆ ಸೇರುತ್ತಾಳೆ. ಮಗುವಿನ ಮುಂದೆ ನೆಲದ ಮೇಲೆ ಕೂತು, ಅದು ಕಣ್ಣೆತ್ತಿ ನೋಡಿದ್ದು ಎಷ್ಟು ಸಲ, ಚೀರಿದ್ದು ಎಷ್ಟು ಸಲ ಎಂದು ಟ್ಯಾಬ್ಲೆಟ್‌ನಲ್ಲಿ ಗುರುತು ಹಾಕುತ್ತಾಳೆ. ಗಂಟೆ ಲೆಕ್ಕದ ಕೂಲಿ. ಪಕ್ಕದಲ್ಲಿ ಅದೇ ಕೆಲಸ ಮಾಡುವವಳು ಕಾಲೇಜಿನ ಮೆಟ್ಟಿಲು ಹತ್ತಿಲ್ಲದಿರಬಹುದು. ಪದವಿ ಕೇಳದ ಕೆಲಸದಲ್ಲಿ ಪದವೀಧರರು ಸಿಕ್ಕಿಕೊಳ್ಳುವುದನ್ನು ಅರ್ಥಶಾಸ್ತ್ರಜ್ಞರು ಅರೆ ಉದ್ಯೋಗ ಎನ್ನುತ್ತಾರೆ. ಆದರೂ ಪಿಎಚ್‌.ಡಿ. ಪ್ರವೇಶಕ್ಕೆ ಅರ್ಜಿ ಹಾಕುವಾಗ ಇದೇ ಕೆಲಸ ಅನುಭವವಾಗಿ ನೆರವಿಗೆ ಬರುತ್ತದೆ. ಅನುಪಾತದಲ್ಲಿ ಇದು ಬರೀ ಕಡಿಮೆ ಸಂಬಳ.

ಈಗ ಕಂತಿನ ಲೆಕ್ಕ. ಓದುವಾಗ ಸೇರಿದ ಬಡ್ಡಿಯನ್ನು ಬಿಟ್ಟು ಅಸಲು 27,000 ಎಂದೂ, ಬಡ್ಡಿ 2024–25ರ ದರವಾದ ಶೇ. 6.53 ಎಂದೂ, ಸಂಬಳ ವರ್ಷಕ್ಕೆ 40,000 ಎಂದೂ ಇಟ್ಟುಕೊಳ್ಳೋಣ. ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 307 ಡಾಲರ್, ಸಂಬಳದ ಶೇ. 9.2. ವೃತ್ತಿಪರ ಕೋರ್ಸುಗಳನ್ನು ಜರಡಿ ಹಿಡಿಯಲು ಅಲ್ಲಿನ ಸರ್ಕಾರ ರೂಪಿಸಿದ 'ಗೇನ್‌ಫುಲ್ ಎಂಪ್ಲಾಯ್‌ಮೆಂಟ್' ನಿಯಮ ವಾರ್ಷಿಕ ಸಂಬಳದ ಶೇ. 8ರೊಳಗೆ ಕಂತು ಇರಬೇಕೆನ್ನುತ್ತದೆ. ಇಲ್ಲವೇ, ಬಡತನ ರೇಖೆಯ ಒಂದೂವರೆ ಪಟ್ಟನ್ನು ಕಳೆದು ಉಳಿದ ಸಂಬಳದ ಶೇ. 20ರೊಳಗಾದರೂ ಇರಬೇಕು. 2024ರಲ್ಲಿ ಒಬ್ಬರಿರುವ ಮನೆಗೆ ಬಡತನ ರೇಖೆ 15,060 ಡಾಲರ್. ಅದರಂತೆ ನಮ್ಮ ಕಂತು ಶೇ. 21 ದಾಟುತ್ತದೆ. ಎರಡರಲ್ಲೂ ಫೇಲು. ಆದರೆ ಅದೇ ನಿಯಮ ಸ್ನಾತಕ ಪದವಿಯ ಸಾಲವನ್ನು ಹದಿನೈದು ವರ್ಷಕ್ಕೆ ಹಂಚಿ ಲೆಕ್ಕ ಮಾಡುತ್ತದೆ. ಆಗ ಕಂತು 236ಕ್ಕೆ, ಪಾಲು ಶೇ. 7ರ ಆಸುಪಾಸಿಗೆ ಇಳಿದು ಪದವಿ ಪಾಸಾಗುತ್ತದೆ. ಹದಿನೈದು ವರ್ಷ ಕಟ್ಟಿದವಳು ಹತ್ತು ವರ್ಷದಲ್ಲಿ ತೀರಿಸಿದವಳಿಗಿಂತ 5,500 ಡಾಲರಿಗೂ ಮೀರಿದ ಹೆಚ್ಚುವರಿ ಬಡ್ಡಿ ತೆತ್ತಿರುತ್ತಾಳೆ ಎಂಬುದು ಬೇರೆ ಮಾತು. ಸಾಲ ಅದೇ, ಸಂಬಳ ಅದೇ, ತೀರ್ಪು ಮಾತ್ರ ಎರಡು. (ಸಾರ್ವಜನಿಕ ವಿಶ್ವವಿದ್ಯಾಲಯಗಳ ಬಿ.ಎ. ಈ ನಿಯಮದ ದಂಡನೆಗೆ ಒಳಪಡುವುದಿಲ್ಲ. ಇಲ್ಲಿ ಅದನ್ನು ಅಳತೆಗೋಲಾಗಿ ಮಾತ್ರ ಬಳಸಿದ್ದೇನೆ.)

ಒಟ್ಟು ಸಾಲ ಮೊದಲ ವರ್ಷದ ಸಂಬಳ ಮೀರಬಾರದೆಂಬ ಒರಟು ಸೂತ್ರವೊಂದು ಅಲ್ಲಿನ ಸಲಹೆಗಾರರಲ್ಲಿ ಬಳಕೆಯಲ್ಲಿದೆ. 40,000 ಸಂಬಳಕ್ಕೆ 27,000 ಸಾಲ ಎಂದರೆ ನಮ್ಮ ಬಿ.ಎ. ಇದರಲ್ಲಿ ಸಲೀಸಾಗಿ ತೇರ್ಗಡೆಯಾಗುತ್ತದೆ. ಅಷ್ಟಕ್ಕೆ ಸುಮ್ಮನಾಗದೆ ಎಲ್ಲರೂ ಕೊಡುವ ಸಲಹೆ, 'ಬರೀ ಬಿ.ಎ. ಸಾಲದು, ಮಾಸ್ಟರ್ಸ್ ಮಾಡು'. ಮಾಡಿದಳು ಎನ್ನೋಣ. ಆಪ್ತಸಮಾಲೋಚಕಿಯಾಗಲು ಸಾಮಾನ್ಯವಾಗಿ 60 ಕ್ರೆಡಿಟ್‌ಗಳ ಸ್ನಾತಕೋತ್ತರ ಪದವಿ ಬೇಕು, ಆಮೇಲೆ ಹಿರಿಯರ ಮೇಲ್ವಿಚಾರಣೆಯಲ್ಲಿ ಸಾವಿರಾರು ಗಂಟೆ ದುಡಿದರಷ್ಟೇ ಪೂರ್ಣ ಪರವಾನಗಿ. ವರ್ಷಕ್ಕೆ 20,500ರಂತೆ ಎರಡು ವರ್ಷದ ನೇರ ಸಾಲ 41,000. ಹಳೆಯದೂ ಸೇರಿ 68,000. ಮಾನಸಿಕ ಆರೋಗ್ಯ ಮತ್ತು ವ್ಯಸನಮುಕ್ತಿ ಸಮಾಲೋಚಕರ ಸಂಬಳದ ಮಧ್ಯಾಂಕ, ಅಲ್ಲಿನ ಕಾರ್ಮಿಕ ಅಂಕಿಅಂಶ ಸಂಸ್ಥೆಯ ಪ್ರಕಾರ, 2023ರ ಮೇ ತಿಂಗಳಲ್ಲಿ 53,710. ಹೊಸಬರು ಮತ್ತು ಪಳಗಿದವರು ಎಲ್ಲರೂ ಸೇರಿದ ಮಧ್ಯಾಂಕವಿದು. ಹೊಸಬಳ ಕೈಗೆ ಬರುವುದು ಇದಕ್ಕೂ ಕಡಿಮೆ. ಬೈಸಿಕೊಂಡ ಪದವಿ ಪಾಸು, ಮದ್ದೆಂದು ಬರೆದುಕೊಟ್ಟ ಪದವಿ ಫೇಲು!

ಡಾಕ್ಟರೇಟಿನ ಹಾದಿಯಲ್ಲಿ ಲೆಕ್ಕ ಮತ್ತೆ ತಿರುಗುತ್ತದೆ. ಮನೋವಿಜ್ಞಾನಿಗಳ ಮಧ್ಯಾಂಕ ಸಂಬಳ ಅದೇ 2023ರಲ್ಲಿ 92,740 ಡಾಲರ್. ಮನೋವಿಜ್ಞಾನಿ ಎಂಬ ಹೆಸರಿನಲ್ಲಿ ಸ್ವತಂತ್ರವಾಗಿ ಚಿಕಿತ್ಸೆ ನೀಡಲು ಹೆಚ್ಚಿನ ರಾಜ್ಯಗಳಲ್ಲಿ ಡಾಕ್ಟರೇಟ್ ಕಡ್ಡಾಯ. ಒಳ್ಳೆಯ ವಿಶ್ವವಿದ್ಯಾಲಯದ ಪಿಎಚ್‌.ಡಿ. ಸಿಕ್ಕರೆ ಶುಲ್ಕ ಮಾಫಿಯ ಜೊತೆಗೆ ಒಂದಿಷ್ಟು ಭತ್ಯೆಯೂ ಇರುವುದು ರೂಢಿ. ಆದರೆ ನೂರಾರು ಅರ್ಜಿಗೆ ಬೆರಳೆಣಿಕೆಯ ಸೀಟು. ಸಿಗದವರು ಕೈಯಿಂದ ಶುಲ್ಕ ತೆತ್ತು ಸೈ.ಡಿ. ಎಂಬ ವೃತ್ತಿಪರ ಡಾಕ್ಟರೇಟ್ ಮಾಡುತ್ತಾರೆ, ಭಾರೀ ಸಾಲ ಬೆಳೆಯುವುದು ಅಲ್ಲಿ. ಹೆಚ್ಚು ವರ್ಷ ಓದಿದವರಿಗೇ ಹೆಚ್ಚು ಸಾಲ ಎಂಬ ಸಹಜ ಊಹೆ ಇಲ್ಲಿ ಕೆಲಸಕ್ಕೆ ಬಾರದು.

ಸಾಲಗಾರರಿಗೆ ಒಂದು ನೆರಳು ಇದ್ದೇ ಇದೆ. ಸರ್ಕಾರದಲ್ಲೋ ಲಾಭರಹಿತ ಸಂಸ್ಥೆಯಲ್ಲೋ ದುಡಿಯುತ್ತ 120 ಅರ್ಹ ಕಂತು ಕಟ್ಟಿದವರಿಗೆ ಉಳಿದ ಫೆಡರಲ್ ಸಾಲವನ್ನು ಮನ್ನಾ ಮಾಡುವ ಯೋಜನೆ 2007ರಿಂದ ಜಾರಿಯಲ್ಲಿದೆ. ಶಾಲೆ, ಆಸ್ಪತ್ರೆ, ಸಮುದಾಯ ಚಿಕಿತ್ಸಾಲಯಗಳಲ್ಲಿ ಕೆಲಸ ಹಿಡಿಯುವ ಮನೋವಿಜ್ಞಾನದವರಿಗೆ ಇದು ಇತರರಿಗಿಂತ ಹೆಚ್ಚು ಒದಗಿಬರುತ್ತದೆ. ಇನ್ನೊಂದೆಡೆ 2025ರ ಜುಲೈ 4ರಂದು ಸಹಿಯಾದ ಕಾಯ್ದೆ ಸ್ನಾತಕೋತ್ತರರ ಸಾಲಕ್ಕೆ ಒಟ್ಟು ಒಂದು ಲಕ್ಷ ಡಾಲರಿನ ಮಿತಿ ಹಾಕಿತು, ಬೇಕಾದಷ್ಟು ಸಾಲ ಕೊಡುತ್ತಿದ್ದ 'ಗ್ರಾಡ್ ಪ್ಲಸ್' ಅನ್ನು 2026ರ ಜುಲೈಯಿಂದ ಹೊಸಬರಿಗೆ ಮುಚ್ಚಿತು. ಮಿತಿ ಶುಲ್ಕವನ್ನು ಇಳಿಸುತ್ತದೆಂದು ಕಾಯ್ದೆಯ ಪರ ನಿಂತವರು ಹೇಳುತ್ತಾರೆ. ಸ್ನಾತಕ ಮಟ್ಟದಲ್ಲಿ ಮಿತಿ ಇದ್ದೂ ಶುಲ್ಕ ಏರುತ್ತಲೇ ಬಂದಿರುವುದನ್ನು ಕಂಡಿರುವ ನನಗೆ ಆ ಭರವಸೆ ಇಲ್ಲ.

ಕೊನೆಗೆ, ಮಗಳನ್ನು ಮನೋವಿಜ್ಞಾನ ಓದಲು ಅಮೆರಿಕಕ್ಕೆ ಕಳಿಸಲು ಸ್ಕೋರ್‌ಕಾರ್ಡ್ ತೆರೆದು ಕೂತ ಕನ್ನಡದ ತಂದೆತಾಯಿಗೆ ಒಂದು ಮಾತು. ಆ ಅಂಕಿಗಳು ಫೆಡರಲ್ ನೆರವು ಪಡೆದವರದು, ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಆ ನೆರವು ಸಿಗುವುದಿಲ್ಲ. ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಮನೆಪತ್ರ ಒತ್ತೆಯಿಟ್ಟು ಹೋದ ಹುಡುಗಿಯ ಸಾಲವಾಗಲಿ ಸಂಬಳವಾಗಲಿ ಆ ಮಧ್ಯಾಂಕಗಳಲ್ಲಿ ಇಲ್ಲ.