ಸದ್ದು ಬಂದ ದಿಕ್ಕು ಯಾವುದು?

ಕೃಷ್ಣರಾಜಪುರದ ರೈಲ್ವೆ ನಿಲ್ದಾಣದಲ್ಲಿ ಒಂದು ಗಳಿಗೆ ಕಣ್ಣು ಮುಚ್ಚಿ ನಿಂತು ನೋಡಿ. ರೈಲು ಯಾವ ಕಡೆಯಿಂದ ಬರುತ್ತಿದೆ, ಕಾಫಿ ಮಾರುವವನ ಕೂಗು ಎತ್ತಣದ್ದು ಎಂಬುದನ್ನು ಯಾರ ನೆರವೂ ಇಲ್ಲದೆ ಹೇಳಬಲ್ಲಿರಿ. ಬಲಗಡೆಯ ಸದ್ದು ಬಲಗಿವಿಯನ್ನು ಮೊದಲು ಮುಟ್ಟುತ್ತದೆ. ಎಡಗಿವಿಗೆ ತುಸು ತಡವಾಗಿ, ತುಸು ಮೆಲ್ಲಗೆ ತಲಪುತ್ತದೆ. ಆ ತಡ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಮೆ! ಈ ಎರಡು ಸುಳುಹುಗಳನ್ನು ಆಂಗ್ಲ ವಿಜ್ಞಾನಿ ಲಾರ್ಡ್ ರೇಲೀ ಅವರು 1907ರಲ್ಲಿ ವಿವರಿಸಿದರು. ಸದ್ದು ಮುಂದಿನದೋ ಹಿಂದಿನದೋ, ಮೇಲಿನದೋ ಕೆಳಗಿನದೋ ಎಂಬುದನ್ನು ತಿಳಿಸಲು ಹೊರಗಿವಿಯ ಮಡಿಕೆಗಳೂ ನೆರವಾಗುತ್ತವೆ.

ಈಗ ಇದೇ ಊರಿನ ಮನೆಗಳಲ್ಲಿ ತರುಣರು ಹೆಡ್‌ಫೋನು ಧರಿಸಿ ಕಂಪ್ಯೂಟರ್ ಆಟಕ್ಕೆ ಕುಳಿತು, ಕಾಣದ ಎದುರಾಳಿಯ ಹೆಜ್ಜೆ ಸದ್ದಿನಿಂದಲೇ ಅವನಿರುವ ಕಡೆಯನ್ನು ಗುರುತಿಸುತ್ತಾರೆ. ಯಂತ್ರ ಈ ವಿದ್ಯೆಯನ್ನು ಕಲಿತದ್ದು ಹೇಗೆ?

ಹೆಡ್‌ಫೋನಿನ ತಾಯಿ ಟೆಲಿಫೋನು. ಅದರ ತವರೊಂದು ನಮ್ಮ ನೆರೆಯಲ್ಲೇ ಇದೆ: 1948ರಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯಿಂದ ದೂರವಾಣಿನಗರಕ್ಕೆ ಆ ಹೆಸರು ಬಂದಿತು. ಆದರೆ ಟೆಲಿಫೋನು ಒಂದೇ ಕಿವಿಗೆ ಮಾತಾಡುವ ವಸ್ತು. 1881ರಲ್ಲಿ ಪ್ಯಾರಿಸಿನ ವಸ್ತುಪ್ರದರ್ಶನದಲ್ಲಿ ಕ್ಲೆಮಾಂ ಆಡೇರ್ ಎಂಬಾತ ರಂಗಮಂದಿರದ ವೇದಿಕೆಯ ಮೇಲೆ ಅಲ್ಲಲ್ಲಿ ಧ್ವನಿಗ್ರಾಹಕಗಳನ್ನಿಟ್ಟು, ಕೇಳುವವರ ಎರಡು ಕಿವಿಗೂ ಬೇರೆ ಬೇರೆ ತಂತಿ ತಂದನು. ಗಾಯಕರು ಅತ್ತಿತ್ತ ನಡೆದದ್ದು ಕೇಳುವವರಿಗೆ ತಿಳಿಯಿತು!

ಈ ಸೊಬಗು ಬಾನುಲಿಗೆ ಬೇಗ ಬರಲಿಲ್ಲ. 1935ರಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆರಂಭಿಸಿದ ಆಕಾಶವಾಣಿಯೂ, 1955ರಲ್ಲಿ ಮೊದಲಾದ ಬೆಂಗಳೂರು ನಿಲಯವೂ ಕಳುಹಿಸಿದ್ದು ಒಂದೇ ಧ್ವನಿಧಾರೆಯನ್ನು. ವೀಣೆ, ಮೃದಂಗಗಳೆರಡೂ ಒಂದೆಡೆಯಿಂದಲೇ ನುಡಿದವು. ಒಂದೇ ಧಾರೆಯನ್ನು ಹೆಡ್‌ಫೋನಿನ ಎರಡು ಬಟ್ಟಲಿಗೂ ಹಂಚಿದರೆ ಸದ್ದು ತಲೆಯ ನಡುವೆ ನೆಲೆಸುತ್ತದೆಯೇ ಹೊರತು ದಿಕ್ಕು ಹುಟ್ಟುವುದಿಲ್ಲ. ಆಂಗ್ಲ ಇಂಜಿನಿಯರ್ ಅಲನ್ ಬ್ಲೂಮ್ಲೈನ್ 1931ರಲ್ಲೇ ಎರಡು ಧಾರೆಗಳ ವಿಧಾನಕ್ಕೆ ಪೇಟೆಂಟು ಕೋರಿದ್ದರೂ, ಅಮೆರಿಕದ ಜಾನ್ ಕಾಸ್ ಸ್ಟೀರಿಯೋ ಹೆಡ್‌ಫೋನನ್ನು ಜನರ ಮುಂದಿಟ್ಟದ್ದು 1958ರಲ್ಲಿ.

1993ರ ‘ಡೂಮ್’ ಆಟದಲ್ಲಿ ಎಡಬಲದ ಸದ್ದಿನ ಏರಿಳಿತದಿಂದ ದಿಕ್ಕು ತೋರಿತು. ಬಳಿಕ ತಲೆ, ಕಿವಿಗಳ ಅಳತೆಯಿಂದ ಪಡೆದ ಲೆಕ್ಕವನ್ನೇ ಕಂಪ್ಯೂಟರು ಪ್ರಯೋಗಿಸಿ, ಹಿಂದಿನ ಸದ್ದನ್ನು ಹಿಂದಿನದೆಂದೇ ಕೇಳಿಸಲು ಯತ್ನಿಸಿತು. ಆ ಅಳತೆ ನಿಮ್ಮ ಕಿವಿಯದಲ್ಲವಾದ್ದರಿಂದ ಮುಂದೆ ಹಿಂದೆ ತಪ್ಪುವುದುಂಟು.

ಆದ್ದರಿಂದ ಬೆಲೆಯನ್ನಷ್ಟೇ ನೋಡಬೇಡಿ. ಎರಡು ಬಟ್ಟಲುಗಳೂ ಸರಿಸಮವಾಗಿ ನುಡಿಯಬೇಕು, ಎಡಬಲ ಅದಲುಬದಲಾಗಿರಬಾರದು. ಆಟವೂ ಹೆಡ್‌ಫೋನೂ ಎರಡೂ ದಿಕ್ಕಿನ ಲೆಕ್ಕ ಮಾಡಿದರೆ ಸದ್ದು ಕಲಸಿಹೋಗುತ್ತದೆ, ಒಂದನ್ನು ನಿಲ್ಲಿಸಿ. ಎಷ್ಟೋ ಬ್ಲೂಟೂತ್ ಹೆಡ್‌ಫೋನುಗಳಲ್ಲಿ ಮಾತಾಡಲು ಮೈಕು ತೆರೆದೊಡನೆ ಎರಡು ಧಾರೆಗಳು ಒಂದಾಗುತ್ತವೆ. ಹಳೆಯ ಟೆಲಿಫೋನೇ ಮರಳಿ ಬಂದಂತೆ!

ಕೊನೆಯದಾಗಿ, ಮತ್ತೆ ನಿಲ್ದಾಣಕ್ಕೆ ಬನ್ನಿ. ಕಿವಿ ಮುಚ್ಚುವ ಹೆಡ್‌ಫೋನು ಆಟದ ಹೆಜ್ಜೆಯನ್ನು ಎಷ್ಟು ಚೆನ್ನಾಗಿ ತರುವುದೋ, ಹೊರಗಿನ ರೈಲಿನ ಸದ್ದನ್ನು ಅಷ್ಟೇ ಚೆನ್ನಾಗಿ ಮರೆಸಬಲ್ಲದು. ಆಟದಲ್ಲಿ ದಿಕ್ಕು ತಪ್ಪಿದರೆ ಇನ್ನೊಂದು ಸುತ್ತು ಆಡಬಹುದು. ಮನೆಯ ಮಕ್ಕಳು ಹೊರಡುವಾಗ ಹೆಡ್‌ಫೋನನ್ನು ಕಿವಿಯಿಂದ ಇಳಿಸಿದರೇ ಎಂದು ಒಮ್ಮೆ ನೋಡಿ.